ಬಿಟ್ಟುಹೋದ ‘ಸಾಬ’

5 ಅಕ್ಟೋಬರ್, ರವಿವಾರ. ನಸುಕಿನ 4:40

ನಳ ಬುಸುಗುಟ್ಟಿದ ಸದ್ದಿಗೆ ಎಚ್ಚರ. ಎಚ್ಚರವೇನು, ಮಲಗಿದ್ದೇ ಯಾವಾಗ... ಹನ್ನೆರಡು ದಿನಕ್ಕೆ ಬೆಟಗೇರಿಗೆ ನೀರು. ಎರಡು ಬ್ಯಾರಲ್ ತುಂಬಿದೆ. ಕೌಸರಳಿಗೆ ಹಲ್ಲು ಬರುತ್ತಿವೆ, ರಾತ್ರಿಯೆಲ್ಲ ಅಳು.

ಮಸ್ಕತ್ತಿನಿಂದ ಇವರ ಮೆಸೇಜ್. ಅಲ್ಲಿಯ ಬ್ಯಾಂಕಿನವರು ಹೊರದೇಶದವರ ಕಾಗದಗಳನ್ನೆಲ್ಲ ಹೊಸದಾಗಿ ಕೇಳಿದ್ದಾರೆ. ಪಾಸ್‌ಪೋರ್ಟ್, ಅಲ್ಲಿಯ ಕಾರ್ಡು, ಪ್ಯಾನ್ ನಂಬರ್ — ಇವೆ. ಊರಿನ ವಿಳಾಸದ ಪುರಾವೆ ಇಲ್ಲ. ಆಧಾರಿನಲ್ಲಿ ಇನ್ನೂ ಲಕ್ಷ್ಮೇಶ್ವರದ ಹಳೆಯ ಮನೆ. ಹದಿನಾರರೊಳಗೆ ಕೊಡದಿದ್ದರೆ ಖಾತೆ ಬಂದ್. ಪಗಾರ ಬೀಳುವುದು ಅದಕ್ಕೇ. ರಜೆಯ ಟಿಕೆಟ್ ತೆಗೆಯುವುದೂ ಅದರಿಂದಲೇ. ಕೌಸರಳಿಗೆ ಹದಿನಾಲ್ಕು ತಿಂಗಳು. ಅಪ್ಪನನ್ನು ಫೋನಿನಲ್ಲಷ್ಟೇ ನೋಡಿದ್ದಾಳೆ.

6 ಅಕ್ಟೋಬರ್

ಹೊನ್ನೇಶನ ಆನ್‌ಲೈನ್ ಸೆಂಟರ್. ವಾಸಸ್ಥಳದ ಸರ್ಟಿಫಿಕೇಟಿಗೆ ಅರ್ಜಿ.

“ಅಕ್ಕಾರ, ಹೆಸರು ಹೇಳ್ರಿ, ಹೊಡೀತೀನಿ.”

“ಬ್ಯಾಡ, ನಾನs ಬರದು ಕೊಡ್ತೀನಿ.”

ಬಿ.ಎ. ಓದಿದವಳು ನಾನು. ಇವರ ಹೆಸರು ಬರೆದೆ: ಶಫೀಕ ಮಹಬೂಬ ನದಾಫ.

13 ಅಕ್ಟೋಬರ್

ಸರ್ಟಿಫಿಕೇಟ್ ಬಂತು. ಫೋಟೊ ಕಳಿಸಿದೆ. “ಶಾಬಾಸ್” ಅಂದರು, ಪ್ರಿಂಟ್ ತೆಗೆದಿಟ್ಟರಂತೆ. ಗುರುವಾರ ಕಂಪನಿ ಗಾಡಿಯಲ್ಲಿ ಬ್ಯಾಂಕಿಗೆ. ಇವರಿರುವ ಕ್ಯಾಂಪ್ ಪೇಟೆಯಿಂದ ದೂರ, ಕಂಪನಿಯವರು ಇನ್ನೊಂದು ಸಲ ಬಿಡುವುದಿಲ್ಲ.

15 ಅಕ್ಟೋಬರ್, ಬುಧವಾರ. ರಾತ್ರಿ 11

ಮಾವ ಊಟ ಮುಗಿಸಿ, ಕನ್ನಡಕ ಹಾಕಿಕೊಂಡು ಸರ್ಟಿಫಿಕೇಟ್ ಓದಿದರು.

“ಏನವಾ ಸಾಯಿಮಾ, ನನ್ನ ಸಾಬ ಕಿತ್ಕೊಂಡು ಬರೇ ಮಹಬೂಬ ಮಾಡಿಟ್ಟಿಯಲ್ಲ!”

ನಕ್ಕರು. ನಾನು ಎದ್ದು ಇವರ ಪಾಸ್‌ಪೋರ್ಟಿನ ಕಾಪಿ ತೆಗೆದೆ — ಶಫೀಕ ಮಹಬೂಬಸಾಬ ನದಾಫ. ನಮ್ಮಪ್ಪನನ್ನು ಊರೆಲ್ಲ ಕುತುಬುದ್ದೀನಸಾಬ ಅನ್ನುತ್ತದೆ, ಕಾಗದದಲ್ಲಿ ಬರೀ ಕುತುಬುದ್ದೀನ. ಇಲ್ಲಿಯೂ ಹಾಗೇ, ಕರೆಯುವ ಮರ್ಯಾದೆ ಅಷ್ಟೇ ಅಂದುಕೊಂಡಿದ್ದೆ.

“ಸಾಲಿ ಮಾಸ್ತರ ಬರದದ್ದು. ಆರು ವರ್ಷಕ್ಕs ಸಾಬ ಆಗೀನಿ ನೋಡು.”

ಇವರು ಕಳಿಸಿದ್ದ ಬ್ಯಾಂಕಿನ ಪತ್ರ ಮತ್ತೆ ಓದಿದೆ. ಹೆಸರು ಅಕ್ಷರ ಬಿಡದೆ ಪಾಸ್‌ಪೋರ್ಟಿನಂತಿರಬೇಕು. ತಪ್ಪಿದರೆ ಖಾತೆಗೆ ತಡೆ. ಅದರ ಕೆಳಗೆ: ಗ್ಯಾಸ್ ಬಿಲ್ಲೂ ನಡೆಯುತ್ತದೆ. ಅಡುಗೆಮನೆಯ ಡಬ್ಬಿಗಳ ಹಿಂದೆ ಬಿಲ್ಲು ಸಿಕ್ಕಿತು. ಇವರದೇ ಹೆಸರು, ಇಂಗ್ಲಿಷಿನಲ್ಲಿ, ಬೆಟಗೇರಿ ವಿಳಾಸ. ಮಹಬೂಬಸಾಬ, ಪೂರ್ತಿ. ಫೋಟೊ ಕಳಿಸಿದೆ. ಒಂದೇ ಟಿಕ್.

16 ಅಕ್ಟೋಬರ್. ನಸುಕಿನ 3:50

ಇನ್ನೂ ಒಂದೇ ಟಿಕ್. ಒಂಬತ್ತು ಸಲ ಹಚ್ಚಿದೆ, ಸ್ವಿಚ್ ಆಫ್. ಫೋನ್ ಬಂದ್ ಮಾಡಿಯೇ ಮಲಗುತ್ತಾರೆ, ತೆರೆಯುವುದು ಗಾಡಿಯಲ್ಲಿ ಕುಳಿತ ಮೇಲೆ. ಪ್ರಿಂಟರ್ ಇರುವುದು ಕ್ಯಾಂಪಿನಲ್ಲಿ. ಅಲ್ಲೀಗ ಎರಡೂ ಇಪ್ಪತ್ತು. ಗಾಡಿ ಐದಕ್ಕೆ.

ಮಾವನ ಪುಸ್ತಕದಲ್ಲಿ ನವಾಜನ ನಂಬರ್ ಸಿಕ್ಕಿತು. ಲಕ್ಷ್ಮೇಶ್ವರದವನು, ಇವರ ಪಕ್ಕದ ಖೋಲಿ, ಕ್ಯಾಂಪಿನ ಆಫೀಸಿನಲ್ಲೇ ಕೆಲಸ. ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಬರೆದು ಕಳಿಸಬೇಕು. ಮೊದಲು ಇಲ್ಲೇ ಬರೆದು ನೋಡುತ್ತೇನೆ, ಮತ್ತೆ ಏನೂ ಬಿಡಬಾರದು —

ನವಾಜಭಾಯಿ, ನಾ ಸಾಯಿಮಾ, ಶಫೀಕ ಮಹಬೂಬಸಾಬ ನದಾಫ ಅವರ ಮನಿಯವರು. ಅವರನ್ನ ಎಬ್ಬಸ್ರಿ. ಆ ಸರ್ಟಿಫಿಕೇಟ್ ಬ್ಯಾಂಕಿನಾಗ ಕೊಡಬ್ಯಾಡ್ರಿ ಅಂತ ಹೇಳ್ರಿ. ಗ್ಯಾಸ್ ಬಿಲ್ ಕಳಿಸೀನಿ, ಅದರ ಪ್ರಿಂಟ್ ತಗದು ಕೈಯಾಗ ಕೊಡ್ರಿ. ಇದನ್ನ ನೋಡಿದ ಕೂಡ್ಲೇ ಫೋನ್ ಮಾಡ್ರಿ. ನಾ ಎದ್ದs ಇರ್ತೀನಿ. ಬೆಳಗಾಗೂದ್ರೊಳಗ ಒಂದs ಒಂದು ಫೋನ್, ನಿಮ್ಮ ಕಾಲಿಗೆ —