ಬಲಗೈ ತೋರುಬೆರಳು

11 ಜೂನ್ 2024, ಮಂಗಳವಾರ. ಬೆಳಿಗ್ಗೆ 5.40

ಹಲ್ಲಿಗೆ ತಪಕೀರ ತಿಕ್ಕಿ ಕುಳಿತಿದ್ದೇನೆ. ಬಾಯಿ ತುಂಬ ಉಗುಳು, ಮಾತಾಡುವಂತಿಲ್ಲ — ಬರೆಯಲು ಇದೇ ಒಳ್ಳೆ ಹೊತ್ತು. ಇವತ್ತು ದುಂಡಸಿ ಶಾಲೆಯಲ್ಲಿ ನೂರಾ ಹತ್ತು ಮಕ್ಕಳ ಬಿಸಿಯೂಟ ನನ್ನೊಬ್ಬಳ ತಲೆಗೆ. ಜೊತೆಗಾತಿ ಹಮೀದುನ್ನೀಸಾ ರಜೆ.

ಸೊಸೆ ವಿದ್ಯಾ ಎದ್ದು ಬಂದಳು. ನಾಲ್ಕು ತಿಂಗಳ ಬಸುರಿ. ನನ್ನ ಅವ್ವನ ಕಾಲದ ಹಿತ್ತಾಳೆ ಡಬ್ಬಿಗೆ ಬೆರಳು ಹಾಕಿ ತಾನೂ ತಿಕ್ಕಿಕೊಂಡಳು. ಎರಡನೇ ತಿಂಗಳಲ್ಲಿ ವಾಂತಿ ತಡೆಯದೆ ಅಳುತ್ತಿದ್ದಾಗ ನಾನೇ ರೂಢಿ ಹಚ್ಚಿದ್ದು. ಈಗ ಇಬ್ಬರೂ ಕಟ್ಟೆ ಮೇಲೆ ಮೂಕರ ಹಾಗೆ ಕುಳಿತು ಕಣ್ಣಲ್ಲೇ ಮಾತಾಡುತ್ತೇವೆ. ಇಂಥ ಸೊಸೆ ಯಾರಿಗೆ ಸಿಗುತ್ತಾಳೆ!

19 ಜೂನ್. ಸಂಜೆ

ವಿದ್ಯಾಳನ್ನು ಶಿಗ್ಗಾಂವಿಗೆ ಕರೆದೊಯ್ದಿದ್ದೆ. ಸ್ಕ್ಯಾನಿಂಗ್ ಆಯಿತು, ಕೂಸು ಚೆನ್ನಾಗಿದೆ. ಡಾಕ್ಟರಮ್ಮ ಫಾರ್ಮ್ ತುಂಬುತ್ತ ಕೇಳಿದರು, "ತಂಬಾಕ ಏನರ ಹಾಕ್ತಾಳೇನ್ರಿ?"

"ನಮ್ಮ ಮನ್ಯಾಗ ಯಾರೂ ಮುಟ್ಟೂದಿಲ್ರಿ." ಎದೆ ಉಬ್ಬಿಸಿ ಹೇಳಿದೆ.

ನನ್ನ ಹಲ್ಲು ನೋಡಿದರು. "ಹಲ್ಲಿಗೆ ಏನ್ ತಿಕ್ಕತೀರಿ ಅವ್ವಾರ?"

"ತಪಕೀರ್ರಿ. ಹಲ್ಲು ಗಟ್ಟಿ ಇರತಾವ. ಸೊಸೀಗೂ ನಾನ ಹಚ್ಚೇನ್ರಿ."

ಪೆನ್ನು ಕೆಳಗಿಟ್ಟರು. "ಅದು ತಂಬಾಕಿನ ಪುಡೀನ ಅಲ್ರೀ. ತಿಕ್ಕಿದ್ದು ರಕ್ತಕ್ಕ ಹೋಗತೈತಿ, ರಕ್ತದಿಂದ ಕೂಸಿಗೆ. ಈಗ ಅದರ ಪುಪ್ಪುಸ ಬೆಳ್ಯಾಕತ್ತಾವ. ನಾಳೆ ಹುಟ್ಟಿದ ಮ್ಯಾಲ ಉಸರಾಡಾಕ ತ್ರಾಸ ಆಗಬಹುದು."

ಮಗ ಮಾಲತೇಶನ ನೆನಪಾಯಿತು. ಹತ್ತು ವರ್ಷದವರೆಗೂ ಗೂರು, ಉಬ್ಬಸ. ಚಳಿಗಾಲ ಬಂತೆಂದರೆ ಪಕ್ಕೆ ಒಳಗೆ ಸೆಳೆಯುತ್ತಿತ್ತು, ಎದೆಗೆ ಆನಿಸಿಕೊಂಡು ಕೂಡುತ್ತಿದ್ದೆ. ಅವನನ್ನು ಹೊಟ್ಟೆಯಲ್ಲಿ ಹೊತ್ತಾಗಲೂ ತಿಕ್ಕುತ್ತಿದ್ದೆ. "ಅದೂ ನನ್ನಿಂದನ ಏನ್ರಿ?"

"ಖರೆ ಅಂದ್ರ ಗೊತ್ತಿಲ್ರೀ. ಗೂರಿಗೆ ನೂರೆಂಟು ಕಾರಣ. ಇದೊಂದನ್ನ ಮಾತ್ರ ನೀವು ಇವತ್ತ ಬಿಡಬಹುದು."

ಬಸ್ಸಿನಲ್ಲಿ ವಿದ್ಯಾ ನನ್ನ ಕೈ ಹಿಡಿದು ಕುಳಿತಿದ್ದಳು. ಬೈಯಬೇಕಿತ್ತು, ಬೈಯಲಿಲ್ಲ. "ಅತ್ತಿ, ನೀವ ಬಿಟ್ರ ನಾನೂ ಬಿಡತೇನಿ. ಒಬ್ಬಾಕಿ ಕಡಿಂದ ಆಗೂದಿಲ್ಲ."

23 ಜೂನ್

ಬಾಬಾಜಾನನ ಅಂಗಡಿಗೆ ಹೋಗಿ ಕಟ್ಟುನಿಟ್ಟು ಮಾಡಿದೆ. "ನಮ್ಮ ಮನಿಯವರು ಯಾರ ಬಂದ್ರೂ ತಪಕೀರ ಕೊಡಬ್ಯಾಡ. ನಾ ಬಂದ್ರೂ."

24 ಜೂನ್

ಕೇಳಿದೆ. ಕೊಡಲಿಲ್ಲ. ಬೈದೆ. "ನೀವ ಹೇಳಿದ್ದಲ್ರೀ ಶಾರಕ್ಕಾ?" ಅಂದ. ಇನ್ನಷ್ಟು ಬೈದೆ. ಚಹಾ ಕುಡಿಸಿ ಕಳಿಸಿದ.

2 ಜುಲೈ

ತಲೆ ಸಿಡಿಯುತ್ತಿದೆ. ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದೆ. ವಿದ್ಯಾ ಬಟ್ಟೆ ಒಗೆಯುವ ಸದ್ದು ಕೇಳಿದರೆ ಕಲ್ಲಿನ ಮೇಲೇ ಸಿಟ್ಟು ಅನಿಸುತ್ತದೆ. ನಮ್ಮವರು ಊಟ ಮುಗಿದಿದ್ದೇ ತಡ ಹೊಲಕ್ಕೆ ಪರಾರಿ.

12 ಜುಲೈ

ಬರೆಯಲು ನಾಚಿಕೆ. ಆದರೂ ಬರೆಯುತ್ತೇನೆ.

ಶಾಲೆಯಲ್ಲಿ ಹಮೀದುನ್ನೀಸಾಳ ಪುಡಿಯಿಂದ ಒಂದು ಚಿಮಟಿ ತಗೊಂಡೆ. ಒಂದೇ ಒಂದು. ಐದು ದಿನದಿಂದ, ದಿನಕ್ಕೊಂದು. ಮನೆಗೆ ಬಂದೆ. ವಿದ್ಯಾ ಚಹಾ ಕೊಡಲು ಬಂದವಳು ನನ್ನ ಬಲಗೈ ಹಿಡಿದಳು. ತೋರುಬೆರಳು ಮೂಸಿದಳು. ತನ್ನ ಅಂಗೈ ಚಾಚಿದಳು.

"ನನಗೂ ಒಂದ್ ಚಿಮಟಿ ಕೊಡ್ರಿ ಅತ್ತಿ."

ಕಣ್ಣು ತುಂಬಿತ್ತು. ಆಸೆಗೋ, ಸಿಟ್ಟಿಗೋ… ನೀನು ಬೇಡ ಎನ್ನಲು ನನಗೆ ಬಾಯಿ ಎಲ್ಲಿದೆ?

ಹಿತ್ತಾಳೆ ಡಬ್ಬಿಯನ್ನು ಬೂದಿ ಹಚ್ಚಿ ಮೂರು ಸಲ ತಿಕ್ಕಿದೆ. ಲವಂಗ ತುಂಬಿ ಅವಳ ಕೈಗಿಟ್ಟೆ. "ತಪ್ಪಾತವಾ," ಅಂದೆ. ಮದುವೆಯಾಗಿ ಮೂವತ್ತು ವರ್ಷ, ಆ ಮಾತು ಯಾರಿಗೂ ಹೇಳಿದ ನೆನಪಿಲ್ಲ.

5 ಸೆಪ್ಟೆಂಬರ್

ವಿದ್ಯಾಳ ಸೀಮಂತದ ಕುಬಸ ಆಯಿತು. ಹಸಿರು ಸೀರೆ, ಕೈ ತುಂಬ ಹಸಿರು ಬಳೆ. ನನ್ನ ದೃಷ್ಟಿಯೇ ತಾಗೀತು. ಚೊಚ್ಚಲ ಹೆರಿಗೆ, ತವರಿಗೆ ಹೊರಟಳು, ಸವಣೂರಿಗೆ. ಚೀಲದಲ್ಲಿ ಡಬ್ಬಿ.

"ಅಲ್ಲೆ ನನ್ನ ಕೈ ಮೂಸಾಕ ಯಾರೂ ಇಲ್ಲ, ಇಲ್ಲೆ ನಿಮ್ಮ ಕೈ ಮೂಸಾಕ ಯಾರೂ ಇಲ್ಲ. ನಂಬಿಕೀ ಮ್ಯಾಲ ನಡೀಬೇಕ್ರಿ ಅತ್ತಿ."

ಕಟ್ಟೆ ಖಾಲಿ. ಎರಡು ಲವಂಗ ಅಗಿದೆ. ಏನೂ ರುಚಿಯಿಲ್ಲ.

26 ನವೆಂಬರ್. ಮಧ್ಯಾಹ್ನ

11.20ಕ್ಕೆ ಮಾಲತೇಶನ ಫೋನು. ಹೆಣ್ಣು. ಎರಡು ಕೆಜಿ ಮುನ್ನೂರು ಗ್ರಾಂ.

"ಕೂಸು ಅತ್ತಿತೇನೋ?"

"ಅತ್ತಿತವಾ. ಆದ್ರ ಉಸರು ಭಾಳ ಜೋರ ಬಿಡಾಕತ್ತೈತಿ. ಗಾಜಿನ ಪೆಟಗ್ಯಾಗ ಇಟ್ಟಾರ."

ಸೌಟು ಕೈಯಲ್ಲೇ ಇತ್ತು. ಹಮೀದುನ್ನೀಸಾ ಕಸಿದುಕೊಂಡಳು. "ಸಾಂಬಾರ ನಾ ನೋಡ್ತೇನಿ. ಹೋಗ್ರಿ ಅಕ್ಕಾ."

ಶಿಗ್ಗಾಂವಿಯಲ್ಲಿ ಸವಣೂರು ಬಸ್ಸಿಗೆ ಕಾಯುತ್ತ ಬರೆಯುತ್ತಿದ್ದೇನೆ. ಎದುರಿನ ಅಂಗಡಿಯಲ್ಲಿ ತಪಕೀರದ ಚೀಟುಗಳು ಸಾಲಾಗಿ ತೂಗುತ್ತಿವೆ. ಇಲ್ಲಿ ನನ್ನನ್ನು ಬಲ್ಲವರು ಯಾರೂ ಇಲ್ಲ. ಬಾಬಾಜಾನನೂ ಇಲ್ಲ. ಬೆರಳು ತಾನಾಗಿ ಮಡಚಿಕೊಳ್ಳುತ್ತಿದೆ. ಆ ಎರಡು ತಿಂಗಳು ವಿದ್ಯಾ ತಿಕ್ಕಿದ್ದೇ ಕೂಸಿಗೆ ತಾಗಿತೋ ಏನೋ. ಶಿವನೇ, ಕೂಸಿನ ಉಸಿರು ಸರಿ ಮಾಡು.

ಬಸ್ ಬಂತು. ಏನೂ ಕೊಳ್ಳಲಿಲ್ಲ.

29 ನವೆಂಬರ್. ಮಧ್ಯಾಹ್ನ, ಸವಣೂರು ಆಸ್ಪತ್ರೆ

ಮೂರು ದಿನ ಗಾಜಿನಾಚೆಯಿಂದಲೇ ನೋಡಿದ್ದು. ಇವತ್ತು ಬೆಳಿಗ್ಗೆ ಕೂಸನ್ನು ಹೊರಗೆ ತಂದರು. ಯಾಕೆ ಹೀಗಾಯಿತೆಂದು ಕೇಳಿದೆ. ಇಲ್ಲಿನ ಡಾಕ್ಟರೂ ಖಚಿತ ಹೇಳಲಿಲ್ಲ. ಮಲಗಿದ್ದಾಗ ನಿಮಿಷಕ್ಕೆ ಅರವತ್ತರೊಳಗೆ ಉಸಿರಿದ್ದರೆ ಹೆದರಿಕೆ ಬೇಡ, ದಾಟಿದರೆ ಕೂಗಿ, ಎಂದರು.

ಕೂಸನ್ನು ಎತ್ತಿಕೊಳ್ಳುವ ಮೊದಲು ವಿದ್ಯಾಳ ಮುಂದೆ ಬಲಗೈ ಹಿಡಿದೆ. ಮೂಸು ಅಂತ. ನಕ್ಕಳು. ಮೂಸಲಿಲ್ಲ. ಕೂಸನ್ನು ಆ ಕೈಯಲ್ಲೇ ಇಟ್ಟಳು. ಅಷ್ಟೂ ಮಂದಿಯ ಎದುರಿಗೆ ಕಣ್ಣೀರು ಹಾಕಿದೆ.

ಈಗ ವಿದ್ಯಾಗೆ ನಿದ್ದೆ, ತಲೆದಿಂಬಿನ ಬದಿಗೆ ಡಬ್ಬಿ. ಕೂಸು ನನ್ನ ತೊಡೆ ಮೇಲೆ. ಗೋಡೆ ಗಡಿಯಾರ ನೋಡಿ ಎಣಿಸಿದೆ — ನಲವತ್ತಾರು. ಮತ್ತೊಮ್ಮೆ — ನಲವತ್ನಾಲ್ಕು. ಮೂಗಿನಲ್ಲಿ ಸದ್ದಿಲ್ಲ, ಪಕ್ಕೆ ಸೆಳೆತವಿಲ್ಲ. ಮತ್ತೂ ಎಣಿಸುತ್ತೇನೆ, ನನಗೇನು ಬೇರೆ ಕೆಲಸ?

ಕೂಸು ಬೆರಳು ಹಿಡಿದುಕೊಂಡಿದೆ. ಬಲಗೈ ತೋರುಬೆರಳು. ತಪಕೀರ ತಿಕ್ಕುತ್ತಿದ್ದ ಅದೇ ಬೆರಳು. ಎಡಗೈಯಿಂದ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಬಿಡಿಸಿಕೊಳ್ಳಲು ಮನಸ್ಸಿಲ್ಲ. ಎಣಿಸುತ್ತ ನನಗೂ ನಿದ್ದೆ ಎಳೆಯುತ್ತಿದೆ. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪ