ಮೂವತ್ತನೇ ರಟ್ಟು

ಸೆಪ್ಟೆಂಬರ್ 4, ಬುಧವಾರ

ಮೊದಲನೇ ಪೀರಿಯಡ್ಡಿಗೆ ಸೀಮೆಸುಣ್ಣ ಇಲ್ಲ, ಮೂರನೆಯದಕ್ಕೆ ಡಸ್ಟರ್ ಇಲ್ಲ. ಕರ್ಚೀಫಿನಲ್ಲೇ ಬೋರ್ಡ್ ಒರೆಸಿದ್ದಾಯಿತು. ನಿವೃತ್ತಿಗೆ ಇನ್ನು ಐದು ತಿಂಗಳು. ಅಷ್ಟರೊಳಗೆ ಒಂದು ಡಸ್ಟರ್ ಕಂಡರೆ ನನ್ನ ಪುಣ್ಯ.

ಒಂಬತ್ತನೇ ಕ್ಲಾಸಿಗೆ ಹೊಸ ಪಾಠ ಶುರು. ನಾಜಿಗಳ ಶಿಬಿರದಿಂದ ಬದುಕಿ ಬಂದ ಯಹೂದಿ ಹೆಂಗಸೊಬ್ಬಳ ನೆನಪು, ಆರು ಪುಟ. ಕೊನೆಯಲ್ಲಿ 'ಪದಗಳ ಅರ್ಥ' ಅಂತ ಮೂರೇ ಮೂರು ಸಾಲು. ಶಿಬಿರ – ತಾತ್ಕಾಲಿಕ ವಸತಿ. ಪ್ರಯಾಣ – ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು. ಚಿಮಣಿ – ಹೊಗೆ ಹೋಗುವ ಕೊಳವೆ. ಮುಗಿಯಿತು. ಬರೆದ ಮಹಾನುಭಾವ ಪಾಠವನ್ನು ಓದಿದ್ದನೋ ಇಲ್ಲವೋ...

ಮುಂದಿನ ಬೆಂಚಿನ ಬಾಯಿಬಡುಕ ಎದ್ದು ನಿಂತ. "ನಾವೂ ಹೋಗಿದ್ವಿ ಮಿಸ್ ಶಿಬಿರಕ್ಕೆ, ಸ್ಕೌಟ್‌ನವರ ಜೊತೆ. ಸಕತ್ತಾಗಿತ್ತು!" ಇಡೀ ಕ್ಲಾಸು ನಕ್ಕಿತು. ಬೈಯಲು ಬಾಯಿ ಬರಲಿಲ್ಲ. ತಪ್ಪು ಅವನದಲ್ಲವಲ್ಲ. ಪುಸ್ತಕದಲ್ಲೇ ಹಾಗಿದೆ.

ಮೈಯೆಲ್ಲ ಉರಿಯುತ್ತಿದೆ. ನಾನೇ ಪಟ್ಟಿ ಮಾಡುತ್ತೇನೆ.

ಸೆಪ್ಟೆಂಬರ್ 5, ಗುರುವಾರ. ಸಂಜೆ 6

ಕ್ಲಾಸಿನಲ್ಲಿ ಮೂವತ್ತು ಮಕ್ಕಳು. ಮೂವತ್ತು ಪದ. ಯಹೂದಿದ್ವೇಷ, ಯಹೂದಿಗಳನ್ನು ಕೂಡಿಹಾಕಿದ ಕೇರಿ ಅನ್ನುವ ಅರ್ಥದ ಘೆಟ್ಟೋ, ಗಡೀಪಾರು, ನರಮೇಧ. ಹಾಲೋಕಾಸ್ಟ್ – ಮೂಲದಲ್ಲಿ ಪೂರ್ತಿ ಸುಟ್ಟ ಬಲಿ ಅಂತ. ಅದು ಬಲಿಯಲ್ಲ ಕೊಲೆ ಅನ್ನುವವರು ಷೋಆ ಅನ್ನುತ್ತಾರೆ, ಮಹಾವಿನಾಶ. ಎರಡನ್ನೂ ಇಟ್ಟೆ. 'ಅಂತಿಮ ಪರಿಹಾರ', 'ವಿಶೇಷ ಉಪಚಾರ' – ಕೊಂದವರು ಕಡತದಲ್ಲಿ ಬರೆದುಕೊಂಡ ನಯವಾದ ಮಾತುಗಳು. ಪ್ರತಿರೋಧ. ಸಾಕ್ಷ್ಯ. ಬದುಕುಳಿದವರು.

ಕ್ರಮ ಹೀಗೆ: ಒಬ್ಬೊಬ್ಬರಿಗೆ ಒಂದು ರಟ್ಟು. ಒಂದು ಮಗ್ಗುಲಿಗೆ ಪದ. ಇನ್ನೊಂದಕ್ಕೆ ಅರ್ಥ, ತಮ್ಮದೇ ಮಾತಿನಲ್ಲಿ. ಸಾಧ್ಯವಾದರೆ ತಾವು ಕಣ್ಣಾರೆ ಕಂಡ ಒಂದು ಉದಾಹರಣೆ, ಚಿಕ್ಕದಾದರೂ ಸರಿ. ಎದ್ದು ನಿಂತು ಎಲ್ಲರಿಗೂ ಹೇಳಬೇಕು.

ರಟ್ಟು ಕತ್ತರಿಸಿಕೊಟ್ಟವರು ನಮ್ಮ ಮನೆಯವರು. ಟೈಲರ್ ಅಂಗಡಿ ಇರುವುದು ಮನೆಯ ಮುಂದಿನ ಕೋಣೆಯಲ್ಲೇ. ಕೋಟಿನ ಅಳತೆಗೆ ಇಟ್ಟುಕೊಂಡ ಹಳೇ ರಟ್ಟುಗಳು ರಾಶಿ ಬಿದ್ದಿವೆ. "ಇಷ್ಟು ವರ್ಷ ಬಾಯಲ್ಲಿ ಕತ್ತರಿಸ್ತಿದ್ದೆ, ಈಗ ನನ್ನ ಕತ್ತರೀಗೂ ಕೆಲಸ ಹಚ್ಚಿದೆ" ಅಂದರು. ಇಪ್ಪತ್ತೊಂಬತ್ತು ನೆಟ್ಟಗಿವೆ. ಮೂವತ್ತನೆಯದು ತೋಳಿನ ತುಂಡು, ಒಂದು ಮೂಲೆ ಸೊಟ್ಟ.

ಸೊಟ್ಟ ರಟ್ಟಿನ ಮೇಲೆ 'ನೋಡುತ್ತ ನಿಂತವರು' ಅಂತ ಬರೆದೆ. ಗುಬ್ಬಚ್ಚಿಗೆ ಕೊಡುತ್ತೇನೆ. ಕಿಟಕಿ ಪಕ್ಕದ ಹುಡುಗಿ, ಹಾಜರಿ ಹೇಳಿದರೂ ಕೇಳಿಸುವುದಿಲ್ಲ. ಸುಲಭದ ಪದ. ಇಸವಿ ಇಲ್ಲ, ಜರ್ಮನ್ ಹೆಸರಿಲ್ಲ.

ಸೆಪ್ಟೆಂಬರ್ 9, ಸೋಮವಾರ

ಹೆಡ್ ಕರೆಸಿದರು. ಟೇಬಲ್ ಮೇಲೆ ನನ್ನ ಪಟ್ಟಿ. ತಲುಪಿಸಿದವನು ಗುಮಾಸ್ತ. ಅವನಿಗೆ ನಾವೆಲ್ಲ ಇಟ್ಟ ಹೆಸರು ಸೀಲಪ್ಪ. ಅವನ ಸೀಲು ಬೀಳದ ಕಾಗದ ಕ್ಲಾಸಿನ ಹೊಸಿಲು ದಾಟಬಾರದು ಅಂತ ನಿಯಮ.

ಕೆಂಪು ಪೆನ್ನಿನಲ್ಲಿ ಹದಿನೆಂಟು ಪದ ಹೊಡೆದಿದ್ದಾರೆ. 'ನರಮೇಧ' ಹೊಡೆದು ಮೇಲೆ ಬರೆದದ್ದು: 'ಅಹಿತಕರ ಘಟನೆಗಳು'.

"ಅಹಿತಕರ ಅಂದ್ರೆ ನಮ್ಮ ಸ್ಟಾಫ್ ರೂಮಿನ ಫ್ಯಾನು ಸರ್" ಅಂದೆ. "ಅರವತ್ತು ಲಕ್ಷ ಯಹೂದಿಗಳನ್ನ ಕೊಂದಿದ್ದಕ್ಕೆ ಬೇರೆ ಪದ ಇದೆ."

"ಹದಿನಾಲ್ಕು ವರ್ಷದ ಮಕ್ಕಳು ಮೇಡಂ. ಮನಸ್ಸಿಗೆ ನಾಟುತ್ತೆ."

"ನಾಟಲಿ ಅಂತಾನೇ ಸರ್."

"ಆಡಳಿತ ಮಂಡಳಿಯವರು ಪಾಸಿಟಿವ್ ಪದಗಳು ಸಾಕು ಅಂತಾರೆ. ಧೈರ್ಯ, ಭರವಸೆ, ಆ ಥರ. ಐದು ತಿಂಗಳು, ನಗ್ತಾ ನಗ್ತಾ ಹೋಗಿ."

ಎಲ್ಲರಿಗೂ ನನ್ನ ಐದು ತಿಂಗಳದ್ದೇ ಚಿಂತೆ. ಸ್ಟಾಫ್ ರೂಮಿನಲ್ಲಿ ಗಣಿತ ಪಾಠ ಮಾಡುವ ನಮ್ಮ ಲೆಕ್ಕದವಳೂ ಅದನ್ನೇ ಅಂದಳು. ಇಪ್ಪತ್ತು ವರ್ಷದಿಂದ ಪಕ್ಕದ ಕುರ್ಚಿ, ನನ್ನ ಟೀಯಲ್ಲಿ ಅರ್ಧ ಕುಡಿಯುವವಳು. "ಕಣ್ಮುಚ್ಚಿಕೊಂಡು ದಿನ ತಳ್ಳಿಬಿಡು ಕಣೆ. ಯಾಕೆ ಇಲ್ಲದ ಉಸಾಬರಿ?"

ನಿಯಮ ಕಾಗದಕ್ಕೆ ತಾನೇ? ನಂದು ರಟ್ಟು. ಮೂವತ್ತನ್ನೂ ಹಂಚಿದೆ.

ಸೆಪ್ಟೆಂಬರ್ 11, ಬುಧವಾರ

ಮಕ್ಕಳು ಹೇಳಿದರು. ಮೂವತ್ತು ವರ್ಷ ಪಾಠ ಮಾಡಿದ್ದಕ್ಕೆ ಇವತ್ತು ಸಾರ್ಥಕ ಅನ್ನಿಸಿತು. ಬಾಯಿಬಡುಕನಿಗೆ ಸಿಕ್ಕಿದ್ದು 'ಶಿಬಿರ'. ನಗಲಿಲ್ಲ. "ಪುಸ್ತಕದ ಅರ್ಥ ತಪ್ಪು ಮಿಸ್. ವಸತಿ ಅಂದ್ರೆ ವಾಪಸ್ ಬರಬಹುದು" ಅಂದ. ಅಷ್ಟೇ ಹೇಳಿ ಕೂತ.

ಕೊನೆಗೆ ಗುಬ್ಬಚ್ಚಿ. ಸೊಟ್ಟ ರಟ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ನೋಡುತ್ತ ನಿಂತವರು ಅಂದ್ರೆ ಹೊಡೆದವರಲ್ಲ, ಏಟು ತಿಂದವರೂ ಅಲ್ಲ. ಪಕ್ಕದ ಮನೆಯವರನ್ನ ಲಾರಿ ಹತ್ತಿಸ್ತಿದ್ದಾಗ ಪರದೆ ಸರಿಸಿ ನೋಡಿ, ಆಮೇಲೆ ಪರದೆ ಎಳ್ಕೊಂಡವರು." ಉಸಿರು ತಗೊಂಡಳು. "ಉದಾಹರಣೆ. ನಾನು ಏಳನೇ ಕ್ಲಾಸಲ್ಲಿದ್ದಾಗ ಲೈಬ್ರರಿ ಮಿಸ್‌ನ ಕೆಲಸದಿಂದ ತೆಗೆದ್ರು. ಅವ್ರು ಪೆಟ್ಟಿಗೆ ಹೊತ್ಕೊಂಡು ಹೋಗ್ತಿದ್ರು. ಗೇಟ್ ಹತ್ರ ಪೆಟ್ಟಿಗೆ ತಳ ಕಿತ್ತೋಗಿ ಪುಸ್ತಕ ಎಲ್ಲ ಬಿದ್ವು. ವರಾಂಡದಲ್ಲಿ ಟೀಚರ್ಸ್ ಎಲ್ಲ ನಿಂತಿದ್ರು. ಯಾರೂ ಇಳಿದು ಬರ್ಲಿಲ್ಲ. ನೀವೂ ಇದ್ರಿ ಮಿಸ್. ನಾನು ಕಿಟಕೀಲಿ ನೋಡ್ತಿದ್ದೆ. ನಾನೂ ಹೋಗ್ಲಿಲ್ಲ."

ಬೆಲ್ ಹೊಡೆಯಿತು. ಯಾರೂ ಏಳಲಿಲ್ಲ.

ಸೆಪ್ಟೆಂಬರ್ 12

ಬರೆಯಲು ಆಗುವುದಿಲ್ಲ.

ಸೆಪ್ಟೆಂಬರ್ 18, ಬುಧವಾರ. ಬೆಳಿಗ್ಗೆ 6.30

ಸರಿ. ಬರೆಯುತ್ತೇನೆ. ಇಲ್ಲೂ ಸುಳ್ಳು ಹೇಳಿದರೆ ಇನ್ನೆಲ್ಲಿ ನಿಜ ಹೇಳುವುದು?

ಎರಡು ವರ್ಷದ ಹಿಂದೆ ಲೈಬ್ರರಿಯವಳನ್ನು ತೆಗೆದದ್ದು ಐದು ಪುಸ್ತಕಕ್ಕೆ. ಮಂಡಳಿ ಒಪ್ಪಿದ ಪಟ್ಟಿಯಲ್ಲಿ ಇಲ್ಲದ ಪುಸ್ತಕ. ಇದೇ ಶಿಬಿರ, ಇದೇ ಸಾಕ್ಷ್ಯ. ತರಿಸಿದ್ದು ಅವಳು. ತರಿಸು ಅಂತ ಚೀಟಿ ಬರೆದುಕೊಟ್ಟವಳು ನಾನು. ನನ್ನ ಕೈಬರಹ, ನನ್ನ ಸಹಿ.

ವಿಚಾರಣೆಯಲ್ಲಿ ಯಾರು ಕೇಳಿದ್ದು ಅಂದಾಗ ಅವಳು ನನ್ನ ಕಡೆ ನೋಡಿದಳು. ನಾನು ಚೀಲದಲ್ಲಿ ಕನ್ನಡಕ ಹುಡುಕಿದೆ. ಕನ್ನಡಕ ಮೂಗಿನ ಮೇಲೇ ಇತ್ತು. ಆಮೇಲೆ ಒಂದು ಕಾಗದ ಬಂತು: 'ಸದರಿ ಪುಸ್ತಕಗಳ ವಿಷಯ ನಮಗೆ ತಿಳಿದಿರಲಿಲ್ಲ.' ಹದಿನಾಲ್ಕು ಸಹಿ. ನನ್ನದು ಒಂಬತ್ತನೆಯದು. ಹತ್ತನೆಯದು ಲೆಕ್ಕದವಳದು.

ಆ ಚರಿತ್ರೆಗೂ ಇದಕ್ಕೂ ಅಜಗಜಾಂತರ, ಗೊತ್ತು. ಅಲ್ಲಿ ಊರಿಗೆ ಊರೇ ಸತ್ತಿತು, ಇಲ್ಲಿ ಒಬ್ಬಳ ಕೆಲಸ ಹೋಯಿತು. ಹೋಲಿಸಿದರೆ ಸತ್ತವರಿಗೆ ಅವಮಾನ. ಆದರೆ ನನ್ನ ಕಾಲು ಅವತ್ತು ವರಾಂಡದಿಂದ ಯಾಕೆ ಇಳಿಯಲಿಲ್ಲ? ಹೆದರಿದ್ದೆ. ಅಷ್ಟೇ. ಜೀವಕ್ಕಲ್ಲ, ಕುರ್ಚಿಗೆ. ನಾಚಿಕೆಯಾಗುತ್ತಿದೆ.

ಸುಲಭದ ಪದವಂತೆ!

ಸೆಪ್ಟೆಂಬರ್ 19, ಗುರುವಾರ

ಮಕ್ಕಳು ರಟ್ಟುಗಳನ್ನು ಕ್ಲಾಸಿನ ಗೋಡೆಗೆ ಅಂಟಿಸಿದ್ದರು. ಬೆಳಿಗ್ಗೆ ಹೋದರೆ ಗೋಡೆ ಬೋಳು. ಸೀಲಪ್ಪ ಎಲ್ಲವನ್ನೂ ಆಫೀಸಿನ ಬೀರುವಿಗೆ ಸೇರಿಸಿದ್ದಾನೆ. ಎಣಿಸಿ ರಸೀತಿ ಬೇರೆ ಕೊಟ್ಟ: 'ರಟ್ಟು, 29.'

ಮೂವತ್ತನೆಯದು ಗುಬ್ಬಚ್ಚಿಯ ಚೀಲದಲ್ಲಿತ್ತು. ಕೊನೇ ಪೀರಿಯಡ್ ಆದಮೇಲೆ ಬಂದು ನನ್ನ ಕೈಗಿಟ್ಟಳು. "ಇದನ್ನ ನೀವಿಟ್ಕೊಳ್ಳಿ ಮಿಸ್." ಬೈದು ಕೊಟ್ಟಳೋ ಪ್ರೀತಿಯಿಂದ ಕೊಟ್ಟಳೋ, ತಿಳಿಯಲಿಲ್ಲ.

ನನಗೂ ಒಂದು ಕಾಗದ ಬಂದಿದೆ. 'ಅನುಮತಿ ಇಲ್ಲದೆ ಪದಪಟ್ಟಿ ಹಂಚಿದ್ದು ನನ್ನ ತಪ್ಪು. ಅದನ್ನು ಹಿಂಪಡೆದಿದ್ದೇನೆ.' ಕೆಳಗೆ ಗೆರೆ. 24ಕ್ಕೆ ಮಂಡಳಿಯ ಮುಂದೆ ಹೋಗಿ ಸಹಿ ಹಾಕಬೇಕು. ಹಾಕಿದರೆ ಹಾರ, ಶಾಲು, ಬೀಳ್ಕೊಡುಗೆ. ಹಾಕದಿದ್ದರೆ ಅವತ್ತೇ ಮನೆಗೆ, ಸರ್ವಿಸ್ ಪುಸ್ತಕದಲ್ಲಿ 'ವಜಾ'.

ಸೆಪ್ಟೆಂಬರ್ 21, ಶನಿವಾರ

ಅವಳನ್ನು ಹುಡುಕಿಕೊಂಡು ಹೋದೆ. ಬಸ್ ನಿಲ್ದಾಣದ ಹಿಂದಿನ ಸ್ಟೇಷನರಿ ಅಂಗಡಿ. ಕೌಂಟರಿನ ಆಚೆ ಲೈಬ್ರರಿಯವಳು. ಕೂದಲು ಗಿಡ್ಡ ಮಾಡಿಸಿದ್ದಾಳೆ. ನೋಟ್‌ಬುಕ್ಕುಗಳನ್ನು ಮಾತ್ರ ಆಗಿನ ಹಾಗೇ ಬೆನ್ನು ಸಾಲಾಗಿ ಜೋಡಿಸಿದ್ದಾಳೆ.

"ರಿಫಿಲ್ ಬೇಕಿತ್ತಾ, ಕ್ಷಮೆ ಬೇಕಿತ್ತಾ?"

"ಎರಡೂ ಬೇಡ. ಸಾಕ್ಷಿ ಬೇಕಿತ್ತು. ಆ ಚೀಟಿ ಎಲ್ಲಾದ್ರೂ..."

ಇಬ್ಬರು ಗಿರಾಕಿ ಬಂದು ಹೋದರು. ಆಮೇಲೆ ಪರ್ಸ್ ತೆಗೆದಳು. ನಾಲ್ಕು ಮಡಿಕೆಯ ಚೀಟಿ. ಎರಡು ವರ್ಷದಿಂದ ಅಲ್ಲೇ ಇಟ್ಟುಕೊಂಡಿದ್ದಾಳೆ!

"ಅವತ್ತೇ ತೋರಿಸಬಹುದಿತ್ತಲ್ಲ?" ಅಂದೆ.

"ನೀವೇ ಹೇಳ್ತೀರಿ ಅಂತ ಕಾದೆ ಅಕ್ಕ. ಮೊದಲ ದಿನ ಕಾದೆ. ಮೊದಲ ತಿಂಗಳು ಕಾದೆ. ಆಮೇಲೆ ಹಠಕ್ಕೆ ಇಟ್ಕೊಂಡೆ."

ಚೀಟಿ ಕೊಟ್ಟಳು. ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಹೊರಡುವಾಗ ಮಾತ್ರ, "ಎರಡು ವರ್ಷ ಲೇಟು. ಲೈಬ್ರರೀಲಾಗಿದ್ರೆ ಫೈನ್ ಹಾಕ್ತಿದ್ದೆ" ಅಂದಳು. ರಸ್ತೆಯಲ್ಲಿ ನಗುತ್ತ ಅತ್ತೆ. ಎದುರಿಗೆ ಬಂದವರು ದಾರಿ ಬಿಟ್ಟರು.

ಸೆಪ್ಟೆಂಬರ್ 22, ಭಾನುವಾರ

ಮನೆಯವರಿಗೆ ಎಲ್ಲ ಹೇಳಿದೆ. ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದರು. "ಅವತ್ತು ಊಟ ಬಿಟ್ಟು ಮಲಗಿದ್ದೆಯಲ್ಲ, ಹೊಟ್ಟೆನೋವು ಅಂತ... ಅದೇ ದಿನಾನಾ?" ಹೂಂ ಅಂದೆ. ನನ್ನ ಕೋಟು ತೆಗೆದುಕೊಂಡು ಒಳಗಡೆ ಒಂದು ಜೇಬು ಹೊಲಿದರು. ಸೊಟ್ಟ ರಟ್ಟು ಸರಿಯಾಗಿ ಕೂರುವ ಹಾಗೆ, ಜೇಬಿನ ಮೂಲೆಯೂ ಸೊಟ್ಟ.

ಸೆಪ್ಟೆಂಬರ್ 23, ಸೋಮವಾರ

ಲೆಕ್ಕದವಳಿಗೆ ಚೀಟಿ ತೋರಿಸಿದೆ. ಓದಿದಳು. ಮತ್ತೆ ಓದಿದಳು.

"ಇದು ನಿಂದು ಅಂತ ನಂಗೆ ಗೊತ್ತಿತ್ತು ಕಣೆ. ನೀನು ಬರೀವಾಗ ಪಕ್ಕದಲ್ಲೇ ಇದ್ದೆನಲ್ಲ."

ಹೌದು, ಇದ್ದಳು. ಪೆನ್ನು ಅವಳದೇ.

ಟೀ ತಣ್ಣಗಾಯಿತು. ಇಬ್ಬರೂ ಮುಟ್ಟಲಿಲ್ಲ. "ನಾಳೆ ಏನು ಮಾಡ್ತೀಯ?" ಅಂದಳು. "ಚೀಟಿ ಮೇಜಿನ ಮೇಲೆ ಇಡ್ತೀನಿ. ಪದ ಒಂದೂ ವಾಪಸ್ ತಗೊಳ್ಳಲ್ಲ" ಅಂದೆ. ಎದ್ದು ಹೋದಳು. ಹೋಗಲಿ. ಅವಳಿಗೆ ಇನ್ನೂ ಎಂಟು ವರ್ಷ ಸರ್ವಿಸ್ ಇದೆ. ನಾನು ಯಾವ ಮುಖ ಇಟ್ಟುಕೊಂಡು ಕರೆಯಲಿ?

ಸೆಪ್ಟೆಂಬರ್ 24, ಮಂಗಳವಾರ. ಬೆಳಿಗ್ಗೆ 10.20

ಹೆಡ್ ರೂಮಿನ ಹೊರಗಿನ ಬೆಂಚು. ಹತ್ತಕ್ಕೆ ಬನ್ನಿ ಅಂದವರು ಒಳಗೆ ಇನ್ನೂ ಟೀ ಕುಡಿಯುತ್ತಿದ್ದಾರೆ. ಬಾಗಿಲ ಸಂದಿಯಲ್ಲಿ ಕಾಣುತ್ತದೆ: ಐದು ಕುರ್ಚಿ, ಐದೂ ತುಂಬಿವೆ. ನನಗೆ ಕುರ್ಚಿ ಇಲ್ಲ. ಬೇಕಾಗಿಲ್ಲ. ಮೂವತ್ತು ವರ್ಷ ನಿಂತೇ ಪಾಠ ಮಾಡಿದವಳು.

ಚೀಟಿ ಎಡಗೈಯಲ್ಲಿ. ರಟ್ಟು ಒಳಜೇಬಿನಲ್ಲಿ, ಸೊಟ್ಟ ಮೂಲೆ ಪಕ್ಕೆಗೆ ಚುಚ್ಚುತ್ತಿದೆ. ಚುಚ್ಚಲಿ.

ಒಂಬತ್ತನೇ ಕ್ಲಾಸಿನ ಕಿಟಕಿ ಇಲ್ಲಿಂದ ನೇರ. ಗುಬ್ಬಚ್ಚಿ ನೋಡುತ್ತಿದ್ದಾಳೆ. ವರಾಂಡದಲ್ಲಿ ಸ್ಟಾಫೆಲ್ಲ ಸಾಲಾಗಿ ನಿಂತಿದ್ದಾರೆ, ಅವತ್ತಿನ ಹಾಗೆಯೇ. ಒಬ್ಬರೂ ನನ್ನ ಕಣ್ಣು ನೋಡುತ್ತಿಲ್ಲ. ನನಗೆ ಸಿಟ್ಟಿಲ್ಲ, ಆ ಜಾಗ ನನಗೆ ಗೊತ್ತು. ಹೆದರಿಕೆಯೂ ಇಲ್ಲ. ಸುಳ್ಳು, ಸ್ವಲ್ಪ ಇದೆ. ಇದ್ದರೆ ಇರಲಿ, ಜೊತೆಗೇ ಒಳಗೆ ಬರಲಿ.

ಸೀಲಪ್ಪ ಬಾಗಿಲು ತೆಗೆದ. "ಪೆನ್ನು ತಂದಿದ್ದೀರಾ ಮೇಡಂ? ಸಹಿಗೆ." ತಂದಿದ್ದೇನೆ ಮಾರಾಯ, ಇದು ಬರೆಯೋಕೆ.

ಸಾಲಿನಿಂದ ಯಾರೋ ಇಳಿದರು. ಚಪ್ಪಲಿ ಸದ್ದು. ಲೆಕ್ಕದವಳು. ಇತ್ತಲೇ ಬರುತ್ತಿದ್ದಾಳೆ. ಬಂದು ಪಕ್ಕದಲ್ಲೇ ನಿಂತಳು. "ಅದೇನು ಗೀಚ್ತಾ ಕೂತಿದ್ದೀಯ, ಮುಚ್ಚು ಅದನ್ನ. ಏಳು, ಇಬ್ರೂ ಹೋಗೋ—