ಏರು ಹತ್ತಿದ ಬಂಡಿ

ಮಸ್ಕಿ, 1991

ಮಹಾಮಹಿಮ ಗಿಡ್ಡಪ್ಪ ಮೇಸ್ತ್ರಿಗಳ ಸನ್ನಿಧಾನಕ್ಕೆ,

ತಾವು ಊರು ಬಿಟ್ಟು ಎಲ್ಲಿದ್ದೀರೋ ಗೊತ್ತಿಲ್ಲ; ಆದರೂ ಕೂತಲ್ಲಿ ಕೂರಲಾಗದೆ ವರದಿ ಒಪ್ಪಿಸುತ್ತಿದ್ದೇನೆ. ಇಂದು ನಿಮ್ಮ ಸೈಕಲ್ ಬಂಡಿಯನ್ನು ಹಳ್ಳದ ಇಳಿಜಾರಿಗೆ ಬಿಟ್ಟೆ. ಹಿಡಿಕೆ ಒತ್ತಿದೊಡನೆ ಗಾಲಿಗಳನ್ನು ಜೋಡಿಸುವ ಪಟ್ಟಿ ಬಿಗಿದು, ಬಂಡಿಯ ಓಟವೆಲ್ಲ ನೀವು ಕೂರಿಸಿದ್ದ ಹಳೇ ಇಂಜಿನ್ನಿನ ಭಾರದ ಗಾಲಿಗೆ ಹೋಯಿತು. ಬಂಡಿ ನಿಧಾನವಾಯಿತು, ಗಾಲಿ ಗಿರ್ರನೆ ತಿರುಗಿತು. ಆಚೆಯ ಏರಿನಲ್ಲಿ ಮತ್ತೆ ಒತ್ತಿದೆ; ಗಾಲಿ ಕೂಡಿಟ್ಟ ಓಟವನ್ನು ಬಂಡಿಗೆ ಮರಳಿಸಿತು. ಪೆಡಲ್ ತುಳಿಯದೆ ಇಪ್ಪತ್ತು ಮಾರು ಹತ್ತಿದೆ.

"ದೆವ್ವ ನೂಕಾಕತ್ತೈತೇನಲೇ?" ಎಂದಳು ದಂಡೆಯಲ್ಲಿ ನಿಂತು ನೋಡುತ್ತಿದ್ದ ಹುಸೇನಮ್ಮ.

"ಇಲ್ಲಬೇ, ಮೇಸ್ತ್ರಿ ನೂಕಾಕತ್ತಾರ," ಎಂದೆ.

ಅಂದು ಊರೆದುರು ನೀವು ಬಂಡಿ ಸಮೇತ ಹಳ್ಳಕ್ಕೆ ಬಿದ್ದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಪಟ್ಟಿ ಯಾಕೆ ಜಾರಿತೆಂದು ನೀವು ಯಾರನ್ನೂ ಕೇಳಲಿಲ್ಲ, ಮರುದಿನವೇ ಹೊರಟುಹೋದಿರಿ.

ಈ ಸಲ ಪಟ್ಟಿಗೆ ಯಾರೂ ಎಣ್ಣೆ ಸವರಿರಲಿಲ್ಲ. ಆದರೂ ಹತ್ತುವ ಮುನ್ನ ಮೂರು ಬಾರಿ ಒರೆಸಿದೆ.

ಮಾಳಿಂಗ